ಮುಗಿದ ಮೇಲೆ ಫೋಟೊ ಬೇಡ, ಮೊದಲೇ ಮೂರು ಸಾಲು ಹಾಕಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಹಳೆಯ ರೇಡಿಯೊ ಹವ್ಯಾಸಿಗಳ ಸಮ್ಮೇಳನದ ಫೋಟೊ ಬಂದಿತ್ತು. ವೇದಿಕೆ ಮೇಲೆ ಏಳು ಜನ ಕೂತಿದ್ದರು, ಕೆಳಗೆ ಏಳು ಹೆಸರು. ಸಮ್ಮೇಳನ ಅದರ ಹಿಂದಿನ ಭಾನುವಾರವೇ ಮುಗಿದಿತ್ತು. ನಮ್ಮ ಪಕ್ಕದ ಮನೆಯವರು ಮೂವತ್ತು ವರ್ಷದಿಂದ ವಾಲ್ವ್ ರೇಡಿಯೊಗಳನ್ನು ಕೂಡಿಟ್ಟು ರಿಪೇರಿ ಮಾಡುತ್ತಾ ಬಂದವರು. ಪತ್ರಿಕೆ ತೆಗೆದುಕೊಂಡು ಹೋಗಿ ತೋರಿಸಿದೆ. 'ಅಯ್ಯೋ, ಇದು ನಡೆದದ್ದೇ ನನಗೆ ಗೊತ್ತಾಗಲಿಲ್ಲವಲ್ಲ' ಅಂದರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ಅವರ ಮುಖ ನೋಡಿದ ಮೇಲೆ ಈ ಪತ್ರ ಬರೆಯದೆ ಇರಲು ಆಗಲಿಲ್ಲ.

ನನ್ನ ಕೋರಿಕೆ ಚಿಕ್ಕದು. ಇಂಥ ಸಣ್ಣ ಗುಂಪುಗಳ ಸಮ್ಮೇಳನ ಮುಗಿದ ಮೇಲೆ ಫೋಟೊ ಹಾಕದಿದ್ದರೂ ನಡೆಯುತ್ತದೆ. ನಡೆಯುವ ಮೂರು ವಾರ ಮೊದಲು ಮೂರು ಸಾಲು ಹಾಕಿ. ಇದನ್ನು ಯಾಕೆ ಇಷ್ಟು ಗಟ್ಟಿಯಾಗಿ ಕೇಳುತ್ತಿದ್ದೇನೆ ಎಂದು ಹೇಳಬೇಕಾದರೆ ನನ್ನ ಅನುಭವವನ್ನೇ ಹೇಳಬೇಕು. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ನಾನು ನಿವೃತ್ತ ನರ್ಸ್. 31 ವರ್ಷ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದ್ದೇನೆ. ಹೊಲಿಗೆ ದಾರ ಕೊಡುತ್ತಾ ಕೊಡುತ್ತಾ ಡಾಕ್ಟರು ಹಾಕುವ ಗಂಟಿನ ಮೇಲೆ ನನ್ನ ಕಣ್ಣು ಬಿತ್ತು. ನಾವೆಲ್ಲ ಗಂಟು ಹಾಕುವಾಗ ಮೊದಲು ಒಂದು ಸುತ್ತು ಸುತ್ತುತ್ತೇವೆ. ಸರ್ಜನ್‌ಗಳು ಮೊದಲ ಸಲವೇ ಎರಡು ಸುತ್ತು ಸುತ್ತುತ್ತಾರೆ. ಆ ಇನ್ನೊಂದು ಸುತ್ತು, ಮೇಲಿನ ಗಂಟು ಬೀಳುವ ತನಕ ದಾರ ಸಡಿಲವಾಗದಂತೆ ಹಿಡಿದುಕೊಂಡಿರುತ್ತದೆ. ಇಷ್ಟೇ. ಆದರೆ ಅದು ನನ್ನ ತಲೆಗೆ ಹೊಕ್ಕಿದ್ದೇ ತಡ, ನೋಡಿದ್ದೆಲ್ಲ ಗಂಟೇ ಆಯಿತು. ಲಾರಿ ಮೇಲಿನ ಹೊರೆ ಬಿಗಿಯುವ ಹಗ್ಗ, ದೋಣಿ ಕಟ್ಟುವ ಹಗ್ಗ, ಗಾಳದ ನೈಲಾನ್ ಎಳೆ, ಬೆಟ್ಟ ಹತ್ತುವವರ ಸೊಂಟದ ಪಟ್ಟಿ, ಜೀರುಗುಣಿಕೆ, ಸರಗಂಟು, ಹಗ್ಗದ ತುದಿ ಬಿಚ್ಚಿಕೊಳ್ಳದಂತೆ ಸುತ್ತುವ ದಾರ. ಡ್ಯೂಟಿ ಮುಗಿಸಿ ಮನೆಗೆ ಬಂದರೆ ಕೈಯಲ್ಲಿ ಒಂದು ತುಂಡು ಹುರಿ ಇರಲೇಬೇಕು. ಇಪ್ಪತ್ತು ವರ್ಷ ಹೀಗೇ ಕಳೆದೆ. ನನ್ನ ಹಾಗೆ ಇನ್ನೊಬ್ಬರು ಇರಬಹುದು ಅನ್ನಿಸಲೇ ಇಲ್ಲ.

ನಿವೃತ್ತಿ ಆದ ಮೇಲೆ ಹುಡುಕಿಕೊಂಡು ಹೊರಟೆ. ಒಬ್ಬೊಬ್ಬರಾಗಿ ಸಿಕ್ಕರು. ಒಬ್ಬರು ಪರ್ವತಾರೋಹಿ. ಒಬ್ಬರು ಹುರಿಗೆ ಗಂಟು ಹಾಕಿ ಹೆಣೆದು ಗೋಡೆಗೆ ತೂಗುಹಾಕುವ ಮ್ಯಾಕ್ರಮೆ ಮಾಡುವ ಹೆಂಗಸು. ಇನ್ನೊಬ್ಬರು ಗಣಿತ ಕಲಿಸುವವರು. ಗಣಿತದಲ್ಲಿ ಗಂಟುಗಳಿಗೇ ಒಂದು ಶಾಖೆ ಇದೆ ಎಂದು ಅವರಿಂದಲೇ ತಿಳಿಯಿತು. ಅಲ್ಲಿ ಹಗ್ಗಕ್ಕೆ ತುದಿಯೇ ಇರುವುದಿಲ್ಲವಂತೆ. ಎರಡೂ ತುದಿ ಸೇರಿಸಿ ಬಳೆಯ ಹಾಗೆ ಮಾಡಿಬಿಟ್ಟು, ಈ ಗಂಟನ್ನು ಕತ್ತರಿಸದೆ ಬಿಡಿಸಲು ಆಗುತ್ತದೋ ಇಲ್ಲವೋ ಎಂದು ಕೇಳುತ್ತಾರೆ. ಹೀಗೆ ಎಂಟು ಹತ್ತು ಜನ ಆದಾಗ, ನಾವೇ ಒಂದು ಸಮ್ಮೇಳನ ಮಾಡೋಣ ಎಂದು ಹೊರಟೆವು. ನಾಲ್ಕು ವರ್ಷದ ಹಿಂದಿನ ಮಾತು ಇದು.

ಆ ಮೊದಲ ಸಮ್ಮೇಳನ ಚೆನ್ನಾಗಿ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಈಗ ನನಗೆ ಚೆನ್ನಾಗಿ ಗೊತ್ತು.

200 ಕುರ್ಚಿಯ ಹಾಲ್ ಹಿಡಿದೆವು. ಬಂದವರು 38 ಜನ. ಹತ್ತು ಸಾಲು ಬಿಟ್ಟು ಒಬ್ಬರು, ಮೂಲೆಯಲ್ಲಿ ಇಬ್ಬರು. ಬೆಳಗ್ಗೆಯಿಂದ ಸಂಜೆ ತನಕ ಭಾಷಣ. ಹಗ್ಗಗಳೆಲ್ಲ ಬ್ಯಾಗಿನಲ್ಲೇ ಉಳಿದವು. ಪ್ರಚಾರ ಅಂತ ನಾವು ಮಾಡಿದ್ದು ನಮಗೆ ಗೊತ್ತಿದ್ದವರಿಗೇ ನಾಲ್ಕು ಸಲ ತಿಳಿಸಿದ್ದು. ಪತ್ರಿಕೆಗಳಿಗೆ ಆಹ್ವಾನ ಪತ್ರಿಕೆ ಕಳಿಸಿದ್ದೆವು. ಒಂದು ಪತ್ರಿಕೆಯವರು ಬಂದು ಫೋಟೊ ತೆಗೆದುಕೊಂಡು ಹೋದರು. ಮೂರನೇ ದಿನ ಅದು ಅಚ್ಚಾಯಿತು.

ಆ ಫೋಟೊ ಬಂದ ಮೇಲೆ ಹದಿನೈದು ದಿನದಲ್ಲಿ ನನಗೆ 14 ಜನ ಫೋನು ಮಾಡಿದರು, ಪತ್ರ ಬರೆದರು. ಹೆಚ್ಚಿನವರದ್ದು ಒಂದೇ ಮಾತು. 'ನಾನೂ ಇದನ್ನೇ ಮಾಡ್ತೀನಿ. ಮೊದಲೇ ಗೊತ್ತಾಗಿದ್ರೆ ಬರ್ತಿದ್ದೆ.' 38 ಜನ ಬಂದ ಕಡೆ ಇನ್ನೂ 14 ಜನ ಸುಮ್ನೆ ತಪ್ಪಿಹೋದರು. ಅವರಲ್ಲಿ ಒಬ್ಬರ ಪತ್ರ ನನ್ನ ಹತ್ತಿರ ಇನ್ನೂ ಇದೆ. ಅವರು ಬಂದೇ ಇದ್ದರು. ಆ ದಿನ ಅದೇ ರಸ್ತೆಯಲ್ಲಿ ಹೋಗುವಾಗ ಬ್ಯಾನರ್ ನೋಡಿ ಬಾಗಿಲ ತನಕ ಬಂದಿದ್ದಾರೆ. ಒಳಗೆ ಇಣುಕಿದರೆ ಖಾಲಿ ಹಾಲ್, ವೇದಿಕೆ ಮೇಲೆ ದೊಡ್ಡವರು. 'ನನ್ನ ಜೊತೆ ಯಾರೂ ಇರಲಿಲ್ಲ. ಆಹ್ವಾನ ಇದ್ದವರಿಗೆ ಮಾತ್ರ ಇರಬಹುದು ಅನ್ನಿಸಿತು. ಅರ್ಧ ಗಂಟೆ ಹೊರಗೆ ನಿಂತಿದ್ದು ಹೊರಟುಹೋದೆ' ಎಂದು ಬರೆದಿದ್ದರು. ನಲವತ್ತು ವರ್ಷ ಮೀನು ಬಲೆ ಹೆಣೆದ ಕೈ ಅವರದ್ದು. ಅವರಿಗೆ ಗೊತ್ತಿದ್ದಷ್ಟು ಗಂಟು ಅವತ್ತು ವೇದಿಕೆ ಮೇಲಿದ್ದ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಸಣ್ಣ ಆಸಕ್ತಿಯ ಗುಂಪಿನ ಸಮ್ಮೇಳನ ಇರುವುದೇ ಅಂಥವರಿಗಾಗಿ. ನಾನೊಬ್ಬನೇ ಅಂದುಕೊಂಡು ಮನೆಯಲ್ಲಿ ಕೂತಿರುತ್ತಾರಲ್ಲ, ಅವರಿಗಾಗಿ. ಅವರ ಹೆಸರು ನಮ್ಮ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವರನ್ನು ತಲುಪಲು ಪತ್ರಿಕೆಯೇ ಬೇಕು.

ಇದಕ್ಕೆ ನಮ್ಮ ಗಂಟಿನ ಲೋಕದಲ್ಲೇ ಒಂದು ಕಥೆ ಇದೆ. 1978ರ ಅಕ್ಟೋಬರಿನಲ್ಲಿ ಲಂಡನ್ನಿನ ದಿ ಟೈಮ್ಸ್ ಪತ್ರಿಕೆ ಮುಖಪುಟದಲ್ಲಿ ಒಂದು ಗಂಟಿನ ಸುದ್ದಿ ಹಾಕಿತು. ಎಡ್ವರ್ಡ್ ಹಂಟರ್ ಎಂಬ ನಿವೃತ್ತ ವೈದ್ಯರು ಎರಡು ಹಗ್ಗ ಜೋಡಿಸುವ ಹೊಸ ಗಂಟೊಂದನ್ನು ಕಂಡುಹಿಡಿದಿರಬಹುದು ಎಂಬ ಸುದ್ದಿ. ಓದಿದವರು ಚರ್ಚೆಗೆ ಇಳಿದರು. ಕೊನೆಗೆ ನೋಡಿದರೆ ಅದು ಹೊಸದಲ್ಲ. ಫಿಲ್ ಸ್ಮಿತ್ ಎಂಬ ಅಮೆರಿಕದವರು 1950ರ ದಶಕದಲ್ಲೇ ಪರ್ವತಾರೋಹಿಗಳಿಗಾಗಿ ಅದನ್ನು ವಿವರಿಸಿದ್ದರು. ಆದರೆ ಆ ಗದ್ದಲದಲ್ಲಿ ಇನ್ನೊಂದು ಕೆಲಸ ಆಗಿತ್ತು. ಅಲ್ಲೊಬ್ಬರು ಇಲ್ಲೊಬ್ಬರು ಅಂತ ಚದುರಿದ್ದ ಗಂಟುಪ್ರಿಯರಿಗೆ ಒಬ್ಬರಿಗೊಬ್ಬರ ಪರಿಚಯ ಆಗಿತ್ತು. 1982ರಲ್ಲಿ ಅವರಲ್ಲಿ 25 ಜನ ಲಂಡನ್ನಿನಲ್ಲಿ ಡಿಸ್ಕವರಿ ಎಂಬ ಹಳೆಯ ಹಡಗಿನ ಮೇಲೆ ಸೇರಿ ಇಂಟರ್‌ನ್ಯಾಷನಲ್ ಗಿಲ್ಡ್ ಆಫ್ ನಾಟ್ ಟೈಯರ್ಸ್ ಎಂಬ ಸಂಘ ಕಟ್ಟಿದರು. ಅದು ಇವತ್ತಿಗೂ ಇದೆ. ಒಂದು ಪತ್ರಿಕೆ ಒಂದು ಗಂಟಿಗೆ ಜಾಗ ಕೊಟ್ಟಿದ್ದರಿಂದ ಶುರುವಾದದ್ದು ಅದು. ಆ ಗಂಟನ್ನು ಈಗಲೂ ಹಂಟರ್ ಹೆಸರಿನಿಂದಲೇ ಕರೆಯುತ್ತಾರೆ.

ಮುಖಪುಟ ನಾನು ಕೇಳುತ್ತಿಲ್ಲ. ಮೂರು ಸಾಲು ಸಾಕು.

ಆದರೆ ಆ ಮೂರು ಸಾಲನ್ನು ಬರೆಯುವುದು ನಮ್ಮ ಕೆಲಸ. ಅದನ್ನು ಸರಿಯಾಗಿ ಬರೆಯಲು ನಾವೂ ಕಲಿಯಬೇಕಾಯಿತು. ಎರಡನೇ ಸಲ ಒಂದು ಪತ್ರಿಕೆಯವರು ಕೃಪೆ ಮಾಡಿ ಮೊದಲೇ ಪ್ರಕಟಣೆ ಹಾಕಿದರು. ನಾವು ಕೊಟ್ಟ ತಲೆಬರಹ 'ಗಂಟು ಸಮ್ಮೇಳನ'. ಆರು ಜನ ಫೋನು ಮಾಡಿದರು. ನಾಲ್ವರಿಗೆ ಮೈಯಲ್ಲಿ ಗಂಟು ಎದ್ದಿತ್ತು, ಡಾಕ್ಟರು ಬರುತ್ತಾರಾ ಎಂದು ಕೇಳಿದರು. ನಾನು ನರ್ಸ್ ಆಗಿದ್ದರಿಂದ ಯಾವ ವಿಭಾಗಕ್ಕೆ ಹೋಗಿ ತೋರಿಸಬೇಕು ಎಂದು ಹೇಳಿದೆ. ಆದರೆ ಎಷ್ಟು ಆಸೆಯಿಂದ ಫೋನು ಮಾಡಿದ್ದರೋ ಅವರು. ಹೆಸರು ಸ್ಪಷ್ಟ ಇಲ್ಲದಿದ್ದರೆ ಬೇರೆಯವರಿಗೆ ತೊಂದರೆ ಆಗುತ್ತದೆ ಎಂದು ಅವತ್ತು ಗೊತ್ತಾಯಿತು. ನಮ್ಮೊಳಗೆ ನಾವು ಆಡುವ ಮಾತು ಹೊರಗಿನವರ ಕಿವಿಗೆ ಹೇಗೆ ಬೀಳುತ್ತದೆ ಎಂದು ಒಬ್ಬ ಹೊರಗಿನವರ ಹತ್ತಿರ ಓದಿಸಿ ನೋಡಲೇಬೇಕು.

ಮೂರನೇ ಸಲ ಆ ಪ್ರಕಟಣೆಯನ್ನು ಅದೇ ಪತ್ರಿಕೆಯ ಉಪಸಂಪಾದಕಿಯೊಬ್ಬರು ತಿದ್ದಿಕೊಟ್ಟರು. ಚಿಕ್ಕ ಹುಡುಗಿ. 'ಮೇಡಂ, ಗಂಟು ಗೊತ್ತಿಲ್ಲದ ನಂಗೂ ಬರಬೇಕು ಅನ್ನಿಸೋ ಒಂದು ಪ್ರಶ್ನೆ ಹೇಳಿ' ಅಂದರು. ನಾನು ಅವರ ಕಾಲು ನೋಡಿದೆ. ಶೂ ದಾರ ಬಿಚ್ಚಿಹೋಗಿತ್ತು. 'ನಿಮ್ಮ ಶೂ ದಾರ ಪದೇ ಪದೇ ಯಾಕೆ ಬಿಚ್ಚಿಹೋಗುತ್ತೆ ಗೊತ್ತಾ?' ಅಂದೆ. ಅದೇ ತಲೆಬರಹ ಆಯಿತು.

ಅದಕ್ಕೆ ಉತ್ತರವೂ ಇದೆ, ಓದುಗರು ಇವತ್ತೇ ಮಾಡಿ ನೋಡಬಹುದು. ದಾರದ ಗಂಟಿನಲ್ಲಿ ಎರಡು ಹಂತ. ಮೊದಲ ಹಂತದಲ್ಲಿ ಯಾವ ತುದಿಯನ್ನು ಮೇಲಿಂದ ದಾಟಿಸಿದಿರೋ, ಎರಡನೇ ಹಂತದಲ್ಲಿ ಅದಕ್ಕೆ ಎದುರು ದಿಕ್ಕಿನಲ್ಲಿ ಸುತ್ತಬೇಕು. ಆಗ ಗಂಟಿನ ಎರಡು ಕಿವಿಗಳು, ಅಂದರೆ ಎರಡು ಕುಣಿಕೆಗಳು, ಪಾದಕ್ಕೆ ಅಡ್ಡಲಾಗಿ ನಿಲ್ಲುತ್ತವೆ. ಎರಡು ಸಲವೂ ಒಂದೇ ದಿಕ್ಕಿಗೆ ಸುತ್ತಿದರೆ ಕಿವಿಗಳು ತಿರುಗಿ ಪಾದದ ಉದ್ದಕ್ಕೆ ಬರುತ್ತವೆ. ಆ ಗಂಟು ಬೇಗ ಬಿಚ್ಚುತ್ತದೆ. 2017ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಓಡುವವರ ಶೂ ದಾರವನ್ನು ವೇಗದ ಕ್ಯಾಮೆರಾದಲ್ಲಿ ಚಿತ್ರಿಸಿ ನೋಡಿದರು. ಪಾದ ನೆಲಕ್ಕೆ ಬಡಿಯುವಾಗ ಗುರುತ್ವದ ಸುಮಾರು ಏಳು ಪಟ್ಟು ಏಟು ಬಿದ್ದು ಗಂಟು ಸಡಿಲವಾಗುತ್ತದೆ. ಕಾಲು ಬೀಸುವಾಗ ದಾರದ ತುದಿಗಳು ತೂಗಿ ಅದನ್ನು ಹೊರಕ್ಕೆ ಎಳೆಯುತ್ತವೆ. ಎರಡೂ ಸೇರಿದಾಗ ಕೆಲವೇ ಕ್ಷಣದಲ್ಲಿ ದಾರ ಬಿಚ್ಚಿಹೋಗುತ್ತದೆ. ಈ ಒಂದು ಪ್ರಶ್ನೆ ಹಿಡಿದು ಬಂದವರೇ ಆ ಸಲ ಇಪ್ಪತ್ತಕ್ಕೂ ಜಾಸ್ತಿ. ಅವರಲ್ಲಿ ಐದು ಜನ ಈಗ ನಮ್ಮ ಕಾಯಂ ಸದಸ್ಯರು.

ಬೇರೆ ಬೇರೆ ಹವ್ಯಾಸದ ಗುಂಪು ನಡೆಸುವವರು ನಿಮ್ಮ ಓದುಗರಲ್ಲಿ ಇದ್ದೇ ಇರುತ್ತಾರೆ. ನಾಣ್ಯ, ಜೇಡ, ಪಾಚಿ, ಹಳೆಯ ನಕ್ಷೆ, ಏನೇ ಇರಲಿ. ಅವರಿಗಾಗಿ ನಾವು ಕಲಿತ ಕೆಲವು ಮಾತು ಇಲ್ಲೇ ಹೇಳಿಬಿಡುತ್ತೇನೆ.

ದೊಡ್ಡದು ಮಾಡುವ ಮೊದಲು ಚಿಕ್ಕದೊಂದು ಮಾಡಿ. ನಮ್ಮ ಎರಡನೇ ಸಮ್ಮೇಳನ ಅಂದೆನಲ್ಲ, ಅದು ಒಂದು ಮಧ್ಯಾಹ್ನದ ಕೂಟ ಮಾತ್ರ. ಕೇಳಿ ಪಡೆದ ಒಂದು ತರಗತಿ ಕೋಣೆ, 17 ಜನ. ಎಲ್ಲಿ ಬೆಳಕು ಸಾಲದು, ಯಾವ ಮಾತು ಉದ್ದವಾಯಿತು, ಯಾರು ಯಾರ ಜೊತೆ ಬೇಗ ಹೊಂದಿಕೊಂಡರು, ಎಲ್ಲ ಅಲ್ಲೇ ತಿಳಿಯಿತು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಕಾಮಿಕ್ಸ್ ಪ್ರಿಯರು ಕೂಡ ಹೀಗೇ ಮಾಡಿದ್ದರು. 1970ರ ಮಾರ್ಚಿನಲ್ಲಿ ಒಂದು ದಿನದ ಪುಟ್ಟ ಕೂಟ, ಹಣ ಕೂಡಿಸಲು ಮತ್ತು ಜನರ ಆಸಕ್ತಿ ಅಳೆಯಲು. ಅದೇ ಆಗಸ್ಟಿನಲ್ಲಿ ಮೂರು ದಿನದ ಸಮ್ಮೇಳನ, ಸುಮಾರು 300 ಜನ. ಈಗ ಅಲ್ಲಿಗೆ ಲಕ್ಷಕ್ಕೂ ಜಾಸ್ತಿ ಜನ ಬರುತ್ತಾರೆ. ನಮಗೆ ಲಕ್ಷ ಬೇಡ. ಆದರೆ ಮಾರ್ಚಿನ ಆ ಒಂದು ದಿನ ಎಲ್ಲರಿಗೂ ಬೇಕು.

ದಿನ ಗೊತ್ತು ಮಾಡುವ ಮೊದಲು ಕೇಳಿ. ನಾವು 40 ಜನರಿಗೆ ಮೂರೇ ಪ್ರಶ್ನೆ ಕಳಿಸಿದೆವು. ಯಾವ ದಿನ ನಿಮಗೆ ಬರಲು ಆಗುವುದೇ ಇಲ್ಲ? ಬರುವಾಗ ಏನು ತರುತ್ತೀರಿ? ನಿಮಗೆ ಗೊತ್ತಿರುವ ಇನ್ನೊಬ್ಬರು ಯಾರು? ಮೂರನೇ ಪ್ರಶ್ನೆಯಿಂದ 40 ಜನರ ಪಟ್ಟಿ 70 ದಾಟಿತು. ಮೊದಲನೆಯದರಿಂದ, ಬೆಟ್ಟ ಹತ್ತುವವರೆಲ್ಲ ಹೊರಟುಹೋಗುವ ತಿಂಗಳಿನಲ್ಲೇ ನಾವು ದಿನ ಇಟ್ಟಿದ್ದೆವು ಎಂದು ತಿಳಿಯಿತು. ಬದಲಾಯಿಸಿದೆವು. ಆರು ತಿಂಗಳು ಮೊದಲು ದಿನ, ಮೂರು ತಿಂಗಳು ಮೊದಲು ಕಾರ್ಯಕ್ರಮ, ಮೂರು ವಾರ ಮೊದಲು ಪತ್ರಿಕೆ, ಒಂದು ವಾರ ಮೊದಲು ದಾರಿ ತೋರಿಸುವ ನಕ್ಷೆ. ಈ ಲೆಕ್ಕ ನಮಗೆ ಸರಿ ಹೊಂದಿದೆ.

ಹಣದ ವಿಷಯ ಹೆಚ್ಚು ಹೇಳುವುದಿಲ್ಲ. ನಾವು ಅಂದುಕೊಂಡಿದ್ದರ ಅರ್ಧದಷ್ಟೇ ಜನ ಬರುತ್ತಾರೆ ಎಂದು ಇಟ್ಟುಕೊಂಡು ಖರ್ಚು ಹಂಚಿದೆವು. ಪೂರ್ತಿ ಉಚಿತ ಮಾಡಲಿಲ್ಲ. ಚಿಕ್ಕ ಮೊತ್ತವಾದರೂ ಕೊಟ್ಟವರು ಬಂದೇ ಬರುತ್ತಾರೆ. ಕೊಡಲು ಆಗದವರು ಒಂದು ಮಾತು ಹೇಳಿದರೆ ಸಾಕು, ಕಾರಣ ಕೇಳುವುದಿಲ್ಲ.

ಹಾಲ್ ವಿಚಾರ ಮಾತ್ರ ಬಿಡಿಸಿ ಹೇಳಬೇಕು. ಈಗ ನಾವು ಚಿಕ್ಕ ಹಾಲನ್ನೇ ಹಿಡಿಯುತ್ತೇವೆ. ಕುರ್ಚಿ ಸಾಲು ಇಲ್ಲ. ಮೇಜುಗಳು, ಒಂದೊಂದಕ್ಕೆ ಆರು ಜನ. ಗೋಡೆಯಲ್ಲಿ ಭಾರ ತಡೆಯುವ ಕೊಕ್ಕೆ ಅಥವಾ ಕಂಬಿ ಇರಬೇಕು, ಏಕೆಂದರೆ ಎಳೆದು ನೋಡದೆ ಗಂಟಿನ ಗುಣ ತಿಳಿಯುವುದಿಲ್ಲ. ಎಲ್ಲರಿಗೂ ಬಾಗಿಲಲ್ಲೇ ಎರಡು ತುಂಡು ಹಗ್ಗ ಕೊಡುತ್ತೇವೆ. ಎರಡು ಬಣ್ಣ, ಒಂದೊಂದು ಒಂದೂವರೆ ಮೀಟರ್, ಕಿರುಬೆರಳಿನಷ್ಟು ದಪ್ಪ. ಬಣ್ಣ ಬೇರೆ ಇದ್ದರೆ ಯಾವ ತುದಿ ಎಲ್ಲಿ ಹೋಯಿತು ಎಂದು ಮೊದಲ ಸಲ ಕಲಿಯುವವರಿಗೂ ಕಾಣುತ್ತದೆ. ನೂರು ಜನಕ್ಕೆ 300 ಮೀಟರ್ ಹಗ್ಗ ಬೇಕು. ಅದನ್ನು ಕತ್ತರಿಸಿ, ತುದಿ ಬಿಚ್ಚದಂತೆ ದಾರ ಸುತ್ತುವುದಕ್ಕೆ ನಾಲ್ಕು ಜನಕ್ಕೆ ಎರಡು ಸಂಜೆ ಹಿಡಿಯಿತು. ಆ ಎರಡು ಸಂಜೆಗಳು ನನಗೆ ಸಮ್ಮೇಳನಕ್ಕಿಂತ ಜಾಸ್ತಿ ಇಷ್ಟವಾದವು ಅಂದರೂ ತಪ್ಪಿಲ್ಲ.

ಇನ್ನೊಂದು ವಿಷಯ. ಕೈಯಿಂದ ಮಾಡಿ ತೋರಿಸುವ ಯಾವುದೇ ಗುಂಪಿಗೆ ಇದು ಬೇಕಾಗುತ್ತದೆ. ಗಂಟು ಹಾಕಿ ತೋರಿಸುವವರು ನಮ್ಮ ಎದುರು ನಿಂತರೆ ಅವರ ಬಲಗೈ ನಮ್ಮ ಎಡಕ್ಕೆ ಕಾಣುತ್ತದೆ. ನಾವು ಅದನ್ನೇ ನೋಡಿ ಹಾಗೇ ಹಾಕಿದರೆ ಎಡ ಬಲ ಅದಲುಬದಲಾದ ಗಂಟು ಆಗುತ್ತದೆ. ಎರಡನೇ ಸಲದ ಕೂಟದಲ್ಲಿ ಅರ್ಧ ಜನಕ್ಕೆ ಒಂದು ಗಂಟೂ ಕೂರದೆ ಇದ್ದದ್ದಕ್ಕೆ ಇದೇ ಕಾರಣ. ಪಾಪ, ತಮ್ಮ ಕೈಯೇ ಸರಿಯಿಲ್ಲ ಎಂದುಕೊಂಡು ಸುಮ್ಮನಾದರು. ಥಿಯೇಟರಿನಲ್ಲಿ ಹೊಸ ಡಾಕ್ಟರು ಕಲಿಯುವುದು ಹಿರಿಯರ ಪಕ್ಕದಲ್ಲಿ ನಿಂತು, ಭುಜದ ಮೇಲಿಂದ ನೋಡಿ. ಅದೇ ನೆನಪಾಯಿತು. ಈಗ ಒಂದು ಕ್ಯಾಮೆರಾವನ್ನು ತೋರಿಸುವವರ ತಲೆಯ ಹಿಂದಿನಿಂದ ಕೆಳಮುಖವಾಗಿ ಕಟ್ಟುತ್ತೇವೆ. ಪರದೆ ಮೇಲೆ ಬರುವ ಕೈ ನೋಡುವವರಿಗೆ ತಮ್ಮದೇ ಕೈ ಇದ್ದಹಾಗೆ ಕಾಣುತ್ತದೆ. ಮೊದಲ ಸಲ ಹೀಗೆ ಮಾಡಿದಾಗ, ಎಂಟು ವರ್ಷದ ಒಬ್ಬ ಹುಡುಗಿ ಒಂದೇ ಸಲಕ್ಕೆ ದೋಣಿಯವರ ಬೋಲೈನ್ ಗಂಟು ಹಾಕಿ ಎತ್ತಿ ಹಿಡಿದಳು. ಇಡೀ ಹಾಲ್ ಚಪ್ಪಾಳೆ ತಟ್ಟಿತು.

ಮಕ್ಕಳು ಬರುತ್ತಾರೆ ಎಂದೇ ಬಾಗಿಲಲ್ಲಿ ಒಂದು ನಿಯಮ ಬರೆದು ಹಾಕಿದ್ದೇವೆ. ಯಾವ ಕುಣಿಕೆಯನ್ನೂ ಯಾರ ಕುತ್ತಿಗೆಗೂ ಹಾಕಬಾರದು, ಆಟಕ್ಕೂ ಹಾಕಬಾರದು. ಇಲ್ಲಿ ಕಲಿತ ಗಂಟನ್ನು ನಂಬಿ ಯಾರೂ ಎತ್ತರಕ್ಕೆ ಹತ್ತಬಾರದು, ಅದಕ್ಕೆ ಬೇರೆ ತರಬೇತಿ ಬೇಕು. ನರ್ಸ್ ಆಗಿ ನಾನು ನೋಡಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಆ ನಿಯಮದಲ್ಲಿ ಮಾತ್ರ ನಾನು ಯಾರಿಗೂ ಸಡಿಲ ಬಿಡುವುದಿಲ್ಲ.

ಭಾಷಣಗಳನ್ನು ಕಡಿಮೆ ಮಾಡಿದೆವು. ಒಬ್ಬರಿಗೆ ಹನ್ನೆರಡು ನಿಮಿಷ ಮಾತು, ಆಮೇಲೆ ಇಪ್ಪತ್ತು ನಿಮಿಷ ಎಲ್ಲರ ಕೈಯಲ್ಲೂ ಹಗ್ಗ. ಬಿಡುವನ್ನು ದೊಡ್ಡದು ಮಾಡಿದೆವು. ಹ್ಯಾರಿಸನ್ ಓವೆನ್ ಎಂಬ ಅಮೆರಿಕದವರು ಒಂದು ವರ್ಷ ಕಷ್ಟಪಟ್ಟು ದೊಡ್ಡ ಸಮ್ಮೇಳನ ಏರ್ಪಡಿಸಿದ್ದರಂತೆ. ಮುಗಿದ ಮೇಲೆ ಬಂದವರೆಲ್ಲ ಮೆಚ್ಚಿದ್ದು ನಡುವಿನ ಬಿಡುವುಗಳನ್ನು. ಅವರು ಅದನ್ನೇ ಹಿಡಿದು 1985ರಲ್ಲಿ ಮೊದಲೇ ಕಾರ್ಯಕ್ರಮ ಬರೆಯದ ಹೊಸ ಬಗೆಯ ಕೂಟ ನಡೆಸಿದರು. ಬಂದವರೇ ಬೆಳಗ್ಗೆ ವಿಷಯ ಬರೆದು ಗೋಡೆಗೆ ಅಂಟಿಸುತ್ತಾರೆ. ಯಾರಿಗೆ ಯಾವುದು ಬೇಕೋ ಅಲ್ಲಿಗೆ ಹೋಗುತ್ತಾರೆ. ನಾವು ಪೂರ್ತಿ ಹಾಗೆ ಮಾಡಲಿಲ್ಲ. ಮಧ್ಯಾಹ್ನದ ಎರಡು ಗಂಟೆಯನ್ನು ಮಾತ್ರ ಹಾಗೆ ಬಿಟ್ಟೆವು. ಬಲೆ ಹೆಣೆಯುವ ಆ ಹಿರಿಯರು, ಅಂದು ಬಾಗಿಲಿನಿಂದ ಹಿಂದೆ ಹೋದವರು, ಮೂರನೇ ಸಲ ಬಂದಿದ್ದರು. ಯಾರೂ ಕೇಳದಿದ್ದರೂ ಗೋಡೆಯಲ್ಲಿ 'ಹರಿದ ಬಲೆ ಸೇರಿಸುವುದು' ಎಂದು ಬರೆದು ಅಂಟಿಸಿದರು. ಅವರ ಸುತ್ತ ಮೂವತ್ತು ಜನ ನಿಂತಿದ್ದರು. ಗಣಿತದ ಮೇಷ್ಟ್ರು ನೆಲದ ಮೇಲೆ ಕೂತು ಬರೆದುಕೊಳ್ಳುತ್ತಿದ್ದರು.

ಎದೆಯ ಮೇಲೆ ಹಾಕುವ ಚೀಟಿಯಲ್ಲಿ ಹುದ್ದೆ ಬರೆಯಬೇಡಿ. ನಾವು ಹೆಸರಿನ ಕೆಳಗೆ ಎರಡು ಸಾಲು ಬರೆಸುತ್ತೇವೆ, 'ನನಗೆ ಬರುವುದು' ಮತ್ತು 'ನನಗೆ ಕಲಿಯಬೇಕಾದ್ದು'. ಮಾತು ಶುರು ಮಾಡಲು ಹಿಂಜರಿಯುವವರಿಗೆ ಅಷ್ಟು ಸಾಕು. 1905ರಲ್ಲಿ ಫ್ರಾನ್ಸಿನ ಬುಲೋನ್‌ನಲ್ಲಿ ಎಲ್ಲ ದೇಶದವರೂ ಆಡಲೆಂದು ಹೊಸದಾಗಿ ಕಟ್ಟಿದ ಎಸ್ಪೆರಾಂಟೊ ಭಾಷೆಯವರು ಮೊದಲ ಜಾಗತಿಕ ಸಮ್ಮೇಳನ ಮಾಡಿದಾಗ 688 ಜನ ಬಂದಿದ್ದರು. ಎಷ್ಟೋ ಜನರಿಗೆ ಆ ಭಾಷೆ ಕಾಗದದ ಮೇಲೆ, ಪತ್ರಗಳಲ್ಲಿ ಮಾತ್ರ ಗೊತ್ತಿತ್ತು. ಬೇರೆ ಬೇರೆ ದೇಶದವರ ಬಾಯಲ್ಲಿ ಅದನ್ನು ಕೇಳಿದ ಆ ಮೊದಲ ಗಂಟೆ ಹೇಗಿದ್ದಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ. ಪರ್ವತಾರೋಹಿಯೂ ಮ್ಯಾಕ್ರಮೆಯವರೂ ಒಂದೇ ಗಂಟನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದರು ಎಂದು ಗೊತ್ತಾದಾಗ ನಮ್ಮ ಹಾಲಿನಲ್ಲೂ ಅಂಥದೇ ಸಂತೋಷ ಕಂಡೆ.

ಕೊನೆಯಲ್ಲಿ ಮನೆಗೆ ಒಯ್ಯಲು ಒಂದು ಹಾಳೆ ಕೊಡಿ. ಇದನ್ನು ತಪ್ಪಿಸಬೇಡಿ. 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನಶಾಸ್ತ್ರಜ್ಞರ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಪರಮಾಣು ತೂಕದ ಬಗ್ಗೆ ಮೂರು ದಿನ ಚರ್ಚೆ ಮಾಡಿದರೂ ಒಮ್ಮತ ಬರಲಿಲ್ಲ. ಹೊರಡುವಾಗ ಇಟಲಿಯ ಕನಿಜಾರೊ ಅದೇ ವಿಷಯದ ಮೇಲೆ ಬರೆದ ಒಂದು ಕಿರುಪುಸ್ತಕವನ್ನು ಅವರ ಗೆಳೆಯರೊಬ್ಬರು ಎಲ್ಲರಿಗೂ ಹಂಚಿದರು. ಜರ್ಮನಿಯ ರಸಾಯನಶಾಸ್ತ್ರಜ್ಞ ಲೋಥಾರ್ ಮೈಯರ್ ಅದನ್ನು ಓದಿ, ತಮ್ಮ ಸಂಶಯವೆಲ್ಲ ಕಳೆಯಿತು ಎಂದು ಆಮೇಲೆ ಹೇಳಿದರು. ಆ ಸಮ್ಮೇಳನಕ್ಕೆ ಮೆಂಡಲೀವ್ ಕೂಡ ಬಂದಿದ್ದರು. ಪರಮಾಣು ತೂಕದ ಕ್ರಮದಲ್ಲಿ ಜೋಡಿಸಿದ ಅವರ ಧಾತುಗಳ ಕೋಷ್ಟಕ ಬಂದದ್ದು 1869ರಲ್ಲಿ. ಮೂರು ದಿನದ ಮಾತಿನಲ್ಲಿ ಆಗದ ಕೆಲಸವನ್ನು ಮನೆಗೆ ಹೋದ ಆ ಕಾಗದ ಮಾಡಿತು ಅಲ್ವಾ? ನಮ್ಮ ಹಾಳೆಯಲ್ಲಿ ಆರು ಗಂಟುಗಳ ಚಿತ್ರ ಇರುತ್ತದೆ. ಹಿಂದುಗಡೆ, ಒಪ್ಪಿದವರ ಹೆಸರು ಮತ್ತು ಫೋನ್ ನಂಬರ್.

ಈ ಎಲ್ಲ ಮಾಡಿದ ಮೇಲೆ ಮೂರನೇ ಸಮ್ಮೇಳನಕ್ಕೆ 94 ಜನ ಬಂದರು. ಹೇಗೆ ಗೊತ್ತಾಯಿತು ಎಂದು ನೋಂದಣಿ ಚೀಟಿಯಲ್ಲಿ ಕೇಳಿದ್ದೆವು. 41 ಜನ 'ಪತ್ರಿಕೆಯಲ್ಲಿ ನೋಡಿ' ಎಂದು ಬರೆದಿದ್ದರು. ನಮ್ಮ ಯಾವ ಪಟ್ಟಿಯಲ್ಲೂ ಇಲ್ಲದ 41 ಜನ.

ಆದ್ದರಿಂದ ಸಂಪಾದಕರೇ, ನಿಮ್ಮಲ್ಲಿ ಕೇಳುವುದಿಷ್ಟೇ. ವಾರಕ್ಕೊಂದು ಸಲ, ಒಳಪುಟದ ಯಾವುದಾದರೂ ಮೂಲೆಯಲ್ಲಿ, ಮುಂದೆ ನಡೆಯಲಿರುವ ಸಣ್ಣ ಕೂಟಗಳಿಗೆ ಒಂದು ಕಾಲಂ ಕೊಡಿ. ಅತಿಥಿಗಳ ಹೆಸರು ಬೇಡ. ಏನು, ಎಲ್ಲಿ, ಯಾವಾಗ, ಯಾರನ್ನು ಕೇಳಬೇಕು, ಇಷ್ಟಿದ್ದರೆ ಸಾಕು. ಜಾಗಕ್ಕೆ ಎಷ್ಟು ಒತ್ತಡ ಇರುತ್ತದೆ ಎಂದು ನನಗೆ ಅರ್ಥವಾಗುತ್ತದೆ. ಮುಗಿದ ಸಮ್ಮೇಳನದ ಒಂದು ಫೋಟೊ ಬಿಟ್ಟರೆ ಅಲ್ಲೇ ಇಂಥ ಐದು ಪ್ರಕಟಣೆ ಹಿಡಿಯುತ್ತವೆ. ನಾನು ಸ್ಕೇಲ್ ಇಟ್ಟು ಅಳೆದು ನೋಡಿದ್ದೇನೆ.

ನಮ್ಮ ನಾಲ್ಕನೇ ಸಮ್ಮೇಳನದ ಪ್ರಕಟಣೆಯನ್ನು ಬೇರೆ ಹಾಳೆಯಲ್ಲಿ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಮೂರು ಸಾಲು ಇದೆ. ಪಕ್ಕದ ಮನೆಯವರ ಸಲುವಾಗಿ, ರೇಡಿಯೊ ಗುಂಪಿನವರ ಮುಂದಿನ ಕೂಟ ಯಾವಾಗ ಎಂದು ವಿಚಾರಿಸಿ ಅದನ್ನೂ ಕೆಳಗೆ ಬರೆದಿದ್ದೇನೆ. ಜಾಗ ಸಾಲದಿದ್ದರೆ ನಮ್ಮದರಲ್ಲಿ ನನ್ನ ಹೆಸರು ತೆಗೆಯಿರಿ, ಶೂ ದಾರದ ಪ್ರಶ್ನೆಯನ್ನೂ ತೆಗೆಯಿರಿ. ಕೊನೆಯಲ್ಲಿ 'ಒಬ್ಬರೇ ಬಂದರೂ ಸರಿ' ಎಂದು ಬರೆದಿದ್ದೇನೆ. ಅದು ಬಲೆ ಹೆಣೆಯುವ ಹಿರಿಯರು ಸೇರಿಸಲು ಹೇಳಿದ ಮಾತು. ದಯವಿಟ್ಟು ಅದೊಂದನ್ನು ಹಾಗೇ ಬಿಡಿ.

ಇತಿ ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ನರ್ಸ್, ಹಗ್ಗದ ಗಂಟುಗಳ ಆಸಕ್ತರ ಗುಂಪಿನ ಪರವಾಗಿ